ಬಸುರಿಯರ ಮಾತ್ರೆ ಮತ್ತು ಭೀಮಾವರದ ಸುಬ್ಬರಾವ್

ನಮ್ಮ ದೊಡ್ಡಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾದಾಗ ಮನೆಯವರೆಲ್ಲ ಕೀಮೋ ಅನ್ನೋ ಪದಕ್ಕೇ ಹೆದರಿ ಕೂತಿದ್ದೆವು. ಆದರೆ ಡಾಕ್ಟರು ಮೊದಲು ಬರೆದುಕೊಟ್ಟಿದ್ದು ಕೀಮೋ ಅಲ್ಲ, ಒಂದು ಪುಟಾಣಿ ಹಳದಿ ಮಾತ್ರೆ ಮತ್ತು ಒಂದು ಕೆಂಪು ಇಂಜೆಕ್ಷನ್. ಮಾತ್ರೆ ಫೋಲಿಕ್ ಆಸಿಡ್, ಇಂಜೆಕ್ಷನ್ ಬಿ12. ಇವೆರಡೂ ಮೈಗೆ ಸೇರಿ ಒಂದು ವಾರ ಆದಮೇಲೆ ಪೆಮೆಟ್ರೆಕ್ಸೆಡ್ ಅನ್ನೋ ಔಷಧಿಯನ್ನು ಡ್ರಿಪ್‌ನಲ್ಲಿ ಹಾಕುತ್ತೇವೆ ಅಂದರು. ದೊಡ್ಡಪ್ಪ ಸ್ಟ್ರಿಪ್ ತಿರುಗಿಸಿ ನೋಡಿ ನಕ್ಕುಬಿಟ್ಟರು. ಸೊಸೆ ಬಸುರಿಯಾಗಿದ್ದಾಗ ಅವರೇ ಮೆಡಿಕಲ್ ಶಾಪಿನಿಂದ ತಂದುಕೊಡುತ್ತಿದ್ದ ಮಾತ್ರೆ ಅದು. ಎಪ್ಪತ್ತರ ಗಂಡಸಿಗೆ ಬಸುರಿಯರ ಮಾತ್ರೆ ಕೊಡ್ತಾರಲ್ಲ ಅಂತ ಊರಿಗೆಲ್ಲ ಫೋನ್ ಮಾಡಿ ಹೇಳಿದರು.

ಬಯಾಪ್ಸಿ ರಿಪೋರ್ಟಿನಲ್ಲಿ ಅಡಿನೋಕಾರ್ಸಿನೋಮ ಅಂತಿತ್ತು. ಗಡ್ಡೆಯ ಜೀನುಗಳ ಪರೀಕ್ಷೆಗೂ ಕಳಿಸಿದ್ದರು. ಅದರ ದುಡ್ಡು ಹೊಂದಿಸೋದಕ್ಕೇ ಮೂರು ದಿನ ಹಿಡೀತು, ರಿಪೋರ್ಟ್ ಬರೋದಕ್ಕೆ ಇನ್ನೆರಡು ವಾರ. ಮಾತ್ರೆಯಲ್ಲೇ ವಾಸಿಮಾಡಬಹುದಾದಂಥ ಬದಲಾವಣೆ ಏನೂ ಸಿಗಲಿಲ್ಲ. ಹಾಗಾಗಿ ಕೀಮೋ. ಅದರಲ್ಲೂ ಈ ಔಷಧಿಯೇ ಯಾಕೆ ಅಂತ ಕೇಳಿದೆ. ಅಡಿನೋಕಾರ್ಸಿನೋಮ ಆಗಿರೋದಕ್ಕೆ ಇದು, ಸ್ಕ್ವಾಮಸ್ ಅನ್ನೋ ಜಾತಿಯದಾಗಿದ್ದರೆ ಇದನ್ನು ಕೊಡ್ತಾನೇ ಇರಲಿಲ್ಲ ಅಂದರು. ಸರಿ, ಆ ಹಳದಿ ಮಾತ್ರೆ ಯಾಕೆ ಅಂತ ಕೇಳಿದೆ. ಅದು ದೊಡ್ಡ ಕಥೆ ಅಂತ ಹೇಳಿ ಮುಂದಿನ ರೋಗಿಯನ್ನು ಕರೆದರು.

ಆ ಕಥೆ ಹುಡುಕಿಕೊಂಡು ಹೋದಾಗ ಸಿಕ್ಕವರು ಯಲ್ಲಾಪ್ರಗಡ ಸುಬ್ಬರಾವ್.

ಈ ಹೆಸರು ನಿಮಗೆ ವಾಟ್ಸಾಪ್‌ನಲ್ಲಿ ಬಂದಿರುತ್ತೆ. ನೊಬೆಲ್ ತಪ್ಪಿಸಿಕೊಂಡ ಭಾರತೀಯ, ಜಗತ್ತೇ ಮರೆತ ವಿಜ್ಞಾನಿ, ಶೇರ್ ಮಾಡಿ ಅಂತ. ಆ ಫಾರ್ವರ್ಡ್‌ನಲ್ಲಿರೋ ಔಷಧಿಗಳ ಪಟ್ಟಿ ಹೆಚ್ಚೂಕಡಿಮೆ ನಿಜವೇ. ಆದರೆ ಅದನ್ನು ಓದಿದವರಿಗೆ ಈ ಮನುಷ್ಯ ಕೂತು ಏನು ಮಾಡುತ್ತಿದ್ದರು ಅನ್ನೋದು ಗೊತ್ತಾಗೋದಿಲ್ಲ. ನಾನು ಓದಿದ್ದು ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರಿಂಗ್. ಕಲಿತದ್ದರಲ್ಲಿ ಮುಕ್ಕಾಲು ಮರೆತುಹೋಗಿದೆ, ಆದರೆ ಅಳತೆಯ ಮೇಲಿನ ವ್ಯಾಮೋಹ ಮಾತ್ರ ಹೋಗಿಲ್ಲ. ನನ್ನ ಕಣ್ಣಿಗೆ ಸುಬ್ಬರಾವ್ ಮೊದಲು ಕಂಡಿದ್ದು ಔಷಧಿ ಕಂಡುಹಿಡಿದವರಾಗಿ ಅಲ್ಲ, ಅಳೆಯೋದನ್ನು ಕಲಿಸಿದವರಾಗಿ.

ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯದ ಭೀಮಾವರದಲ್ಲಿ. ಏಳು ಮಕ್ಕಳಲ್ಲಿ ನಾಲ್ಕನೆಯವರು. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿದ್ದರು, ಕಾಯಿಲೆಯಿಂದಾಗಿ ಬೇಗನೇ ನೌಕರಿ ಬಿಡಬೇಕಾಯಿತು. ಮನೆಯಲ್ಲಿ ಬಡತನ. ಹದಿಮೂರನೇ ವಯಸ್ಸಿಗೆ ಹುಡುಗ ಮನೆ ಬಿಟ್ಟು ಓಡಿದ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡೋದು ಅವನ ಪ್ಲಾನು. ದಾರಿಯಲ್ಲೇ ಹಿಡಿದು ವಾಪಸ್ ತಂದರು. ಮೆಟ್ರಿಕ್ಯುಲೇಷನ್‌ನಲ್ಲಿ ಎರಡು ಸಲ ಫೇಲು, ಮೂರನೇ ಸಲ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಪಾಸು. ಮುಂದೆ ಪ್ರೆಸಿಡೆನ್ಸಿ ಕಾಲೇಜು. ಅಷ್ಟರಲ್ಲಿ ರಾಮಕೃಷ್ಣ ಮಠ ಸೇರಿ ಸನ್ಯಾಸಿ ಆಗಬೇಕು ಅನ್ನೋ ಹಂಬಲ ಹತ್ತಿತು. ತಾಯಿ ವೆಂಕಮ್ಮ ಒಪ್ಪಲಿಲ್ಲ. ಸನ್ಯಾಸ ಸಿಗದೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು.

ಅಲ್ಲಿ ನಡೆದ ಒಂದು ಘಟನೆ ಗಮನಿಸಬೇಕಾದ್ದು. ಗಾಂಧೀಜಿಯ ಕರೆಗೆ ಓಗೊಟ್ಟು ಬ್ರಿಟಿಷ್ ಬಟ್ಟೆ ಬಿಟ್ಟ ಸುಬ್ಬರಾವ್, ಆಪರೇಷನ್ ಥಿಯೇಟರಿಗೂ ಖಾದಿ ಗೌನ್ ಹಾಕಿಕೊಂಡು ಹೋದರು. ಸರ್ಜರಿ ಪ್ರೊಫೆಸರ್ ಬ್ರಾಡ್‌ಫೀಲ್ಡ್‌ಗೆ ಅದು ಸರಿಬರಲಿಲ್ಲ. ಲಿಖಿತ ಪರೀಕ್ಷೆ ಚೆನ್ನಾಗಿಯೇ ಬರೆದಿದ್ದ ಹುಡುಗನಿಗೆ ಕೊನೆಗೆ ಸಿಕ್ಕಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸರ್ಟಿಫಿಕೇಟು. ಮದ್ರಾಸ್ ಮೆಡಿಕಲ್ ಸರ್ವಿಸ್‌ಗೆ ಸೇರಲು ಪ್ರಯತ್ನಪಟ್ಟರೂ ಆಗಲಿಲ್ಲ. ಕ್ಯಾಂಪಸ್‌ನಲ್ಲಿ ಏನು ಉಡಬೇಕು ಅನ್ನೋದರ ಮೇಲೆ ಭವಿಷ್ಯ ನಿರ್ಧಾರವಾಗೋದು ನಮ್ಮ ಕಾಲದ ಆವಿಷ್ಕಾರ ಅಂದುಕೊಂಡಿದ್ದರೆ, ಅಲ್ಲ.

ಕೆಲಸ ಸಿಕ್ಕಿದ್ದು ಮದ್ರಾಸಿನಲ್ಲಿ ಡಾ. ಆಚಂಟ ಲಕ್ಷ್ಮೀಪತಿ ನಡೆಸುತ್ತಿದ್ದ ಆಯುರ್ವೇದ ಕಾಲೇಜಿನಲ್ಲಿ, ಅಂಗರಚನಾಶಾಸ್ತ್ರದ ಉಪನ್ಯಾಸಕರಾಗಿ. ಅಷ್ಟರೊಳಗೆ ಮನೆಯಲ್ಲಿ ಸಾವುಗಳು. 1921ರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸಹೋದರರು ಹೋದರು. ಕಾಯಿಲೆಯ ಹೆಸರು ಟ್ರಾಪಿಕಲ್ ಸ್ಪ್ರೂ. ತಿಂದದ್ದು ಮೈಗೆ ಹತ್ತುವುದಿಲ್ಲ, ಭೇದಿ ನಿಲ್ಲುವುದಿಲ್ಲ, ನಾಲಿಗೆ ಹುಣ್ಣಾಗುತ್ತದೆ, ರಕ್ತ ಕ್ಷೀಣಿಸುತ್ತಾ ಹೋಗುತ್ತದೆ. ಸುಬ್ಬರಾವ್‌ಗೂ ಅದೇ ಕಾಯಿಲೆ ಬಂದಿತ್ತು, ಲಕ್ಷ್ಮೀಪತಿಯವರ ಚಿಕಿತ್ಸೆಯಲ್ಲಿ ಬದುಕಿಕೊಂಡರು. ಆಗ ಯಾರಿಗೂ ಗೊತ್ತಿಲ್ಲದಿದ್ದ ಸಂಗತಿ ಏನು ಅಂದರೆ, ಆ ಕರುಳು ಹೀರಿಕೊಳ್ಳಲಾಗದೆ ಬಿಟ್ಟಿದ್ದರಲ್ಲಿ ಮುಖ್ಯವಾದ ವಸ್ತುವೇ ಫೋಲಿಕ್ ಆಸಿಡ್. ದೊಡ್ಡಪ್ಪನ ಹಳದಿ ಮಾತ್ರೆ.

1919ರಲ್ಲಿ ಶೇಷಗಿರಿಯವರ ಜೊತೆ ಮದುವೆ ಆಗಿತ್ತು. ಮಾವನ ಮನೆಯ ನೆರವು, ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ್ ದತ್ತಿಯ ನೆರವು, ಎಲ್ಲ ಸೇರಿಸಿಕೊಂಡು ಇಪ್ಪತ್ತರ ದಶಕದ ಆರಂಭದಲ್ಲಿ ಬಾಸ್ಟನ್‌ಗೆ ಹೊರಟರು. ಕೆಲ ವರ್ಷಗಳಲ್ಲಿ ವಾಪಸ್ ಬರೋ ಲೆಕ್ಕ. ಬರಲೇ ಇಲ್ಲ. ಶೇಷಗಿರಿ ಇಲ್ಲೇ ಉಳಿದರು. ಅವರ ದೃಷ್ಟಿಯಿಂದ ಈ ಕಥೆಯನ್ನು ಬರೆದರೆ ಅದು ಬೇರೆಯದೇ ಕಥೆ ಆಗುತ್ತೆ, ಸುಬ್ಬರಾವ್‌ರನ್ನು ಹೊಗಳುವವರು ಅದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೇನೆ ಅಂತ ಗೊತ್ತು.

ಅವರು ಕಾಲಿಟ್ಟ ಅಮೆರಿಕಾ ಹೇಗಿತ್ತು? 1917ರ ಕಾನೂನು ಏಷ್ಯಾದ ಬಹುಭಾಗದವರು ವಲಸೆ ಬರದಂತೆ ಬಾಗಿಲು ಹಾಕಿತ್ತು. ವಿದ್ಯಾರ್ಥಿಗಳಿಗೆ ಮಾತ್ರ ಒಂದಿಷ್ಟು ಸಂದು. 1923ರ ಫೆಬ್ರವರಿಯಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರರಾಗಲು ಅರ್ಹರಲ್ಲ ಅಂತ ತೀರ್ಪು ಕೊಟ್ಟಿತು. ಮದ್ರಾಸಿನ ಎಲ್‌ಎಂಎಸ್ ಇಟ್ಟುಕೊಂಡು ಅಲ್ಲಿ ಡಾಕ್ಟರಾಗಿ ದುಡಿಯೋಕೆ ಆಗೋದಿಲ್ಲ. ಹಾರ್ವರ್ಡ್‌ನಲ್ಲಿ ಉಷ್ಣವಲಯದ ರೋಗಗಳ ಡಿಪ್ಲೊಮಾ ಓದುತ್ತಾ, ಹೊಟ್ಟೆಪಾಡಿಗೆ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆ ಬಳಿದರು. ಅದಾದಮೇಲೆ ಸೈರಸ್ ಫಿಸ್ಕೆ ಅನ್ನೋ ಜೀವರಸಾಯನ ವಿಜ್ಞಾನಿಯ ಲ್ಯಾಬಿನಲ್ಲಿ ಜಾಗ ಸಿಕ್ಕಿತು.

ನನಗೆ ಇಷ್ಟವಾದ ಭಾಗ ಇಲ್ಲಿಂದ. ಆ ಲ್ಯಾಬಿನ ಕೆಲಸ, ರಕ್ತ ಮತ್ತು ಮೂತ್ರದಲ್ಲಿ ರಂಜಕ ಎಷ್ಟಿದೆ ಅಂತ ಅಳೆಯೋ ವಿಧಾನ ಕಂಡುಹಿಡಿಯೋದು. ಕೇಳೋಕೆ ಕ್ಲರ್ಕ್ ಕೆಲಸದ ಥರ ಇದೆ. 1925ರಲ್ಲಿ ಪ್ರಕಟವಾದ ಫಿಸ್ಕೆ-ಸುಬ್ಬರಾವ್ ವಿಧಾನ ಜೀವರಸಾಯನ ಶಾಸ್ತ್ರದಲ್ಲಿ ಅತಿ ಹೆಚ್ಚು ಬಾರಿ ಉಲ್ಲೇಖವಾದ ಲೇಖನಗಳಲ್ಲಿ ಒಂದು, ಇವತ್ತೂ ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುತ್ತಾರೆ. ಉಪಾಯ ಸರಳ. ಸ್ಯಾಂಪಲ್‌ಗೆ ಆಮ್ಲ ಮತ್ತು ಮಾಲಿಬ್ಡೇಟ್ ಸೇರಿಸಿ. ಅದು ರಂಜಕದ ಜೊತೆ ಕೂಡಿಕೊಳ್ಳುತ್ತೆ. ಆಮೇಲೆ ಇನ್ನೊಂದು ರಾಸಾಯನಿಕ ಹಾಕಿದರೆ ದ್ರಾವಣ ನೀಲಿ ತಿರುಗುತ್ತೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಪ್ರಮಾಣ ಗೊತ್ತಿರೋ ಒಂದು ದ್ರಾವಣದ ನೀಲಿಯ ಪಕ್ಕ ಇದನ್ನಿಟ್ಟು ಹೋಲಿಸಿದರೆ ಉತ್ತರ ಸಿಗುತ್ತೆ. ಕಾಯಿಲೆ ಮನುಷ್ಯನ ಒಳಗೆ ನಡೆಯೋದನ್ನು ಹೊರಗೆ ಒಂದು ಗಾಜಿನ ಕೊಳವೆಯಲ್ಲಿ ಬಣ್ಣವಾಗಿ ನೋಡೋದು. ಇವತ್ತು ನಾವು ಬಯೋಮಾರ್ಕರ್ ಅಂತ ದೊಡ್ಡ ಹೆಸರಿಟ್ಟು ಕರೆಯೋದರ ಹಿಂದಿರೋದೂ ಇದೇ ಯೋಚನೆ.

ಮುಂದಿನದು ಇನ್ನೂ ಚೆಂದ. ಸ್ನಾಯುವಿನಿಂದ ತೆಗೆದ ಸ್ಯಾಂಪಲ್‌ಗಳಲ್ಲಿ ನೀಲಿ ಬಣ್ಣ ಬರಬೇಕಾದಷ್ಟು ಬೇಗ ಬರುತ್ತಿರಲಿಲ್ಲ. ನಿಧಾನವಾಗಿ ಏರುತ್ತಿತ್ತು. ಎಂಜಿನಿಯರಿಂಗ್ ಲ್ಯಾಬಿನಲ್ಲಿ ನಾವಾಗಿದ್ದರೆ ರೀಡಿಂಗ್ ಅಡ್ಜಸ್ಟ್ ಮಾಡಿ ರೆಕಾರ್ಡ್ ಬರೆದು ಸೈನ್ ಹಾಕಿಸಿಕೊಂಡು ಬರ್ತಿದ್ದೆವು. (ನಾನು ಹಾಗೆ ಮಾಡಿದ್ದೇನೆ.) ಇವರು ಆ ತಡವನ್ನೇ ಹಿಡಿದುಕೊಂಡರು. ಅಲ್ಲೇನೋ ಒಂದು ವಸ್ತು ಇದೆ, ಅದು ಆಮ್ಲದಲ್ಲಿ ಮೆಲ್ಲಗೆ ಒಡೆಯುತ್ತಾ ರಂಜಕ ಬಿಟ್ಟುಕೊಡ್ತಾ ಇದೆ ಅಂತ ಲೆಕ್ಕ ಹಾಕಿದರು. ಹಾಗೆ ಸಿಕ್ಕಿದ್ದು ಫಾಸ್ಫೋಕ್ರಿಯಾಟಿನ್, 1927ರಲ್ಲಿ. ಎರಡು ವರ್ಷದ ನಂತರ ಎಟಿಪಿ. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಎಟಿಪಿ ಕಂಡುಹಿಡಿದಿದ್ದರು. ಪಿಯುಸಿ ಬಯಾಲಜಿಯಲ್ಲಿ ಜೀವಕೋಶದ ಕರೆನ್ಸಿ ಅಂತ ಉರುಹೊಡೆದ ಎಟಿಪಿ ನೆನಪಿದೆಯಲ್ಲ, ಅದೇ. ಸ್ನಾಯುವಿಗೆ ಶಕ್ತಿ ಲ್ಯಾಕ್ಟಿಕ್ ಆಮ್ಲದಿಂದ ಅನ್ನೋ ಸಿದ್ಧಾಂತ ಆಗ ಪ್ರಬಲವಾಗಿತ್ತು, ಅದಕ್ಕೆ ಸಂಬಂಧಿಸಿದ ಕೆಲಸಕ್ಕೆ 1922ರ ನೊಬೆಲ್ ಕೂಡ ಹೋಗಿತ್ತು. ಬಾಸ್ಟನ್‌ನ ನೀಲಿ ಬಣ್ಣ ಆ ಸಿದ್ಧಾಂತದ ಬುಡ ಅಲುಗಾಡಿಸಿತು.

1930ರಲ್ಲಿ ಪಿಎಚ್‌ಡಿ ಬಂತು. ಹಾರ್ವರ್ಡ್ ಮಾತ್ರ ಕಾಯಂ ಹುದ್ದೆ ಕೊಡಲಿಲ್ಲ. ಫಿಸ್ಕೆ ಜೊತೆಗಿನ ಸಂಬಂಧದ ಬಗ್ಗೆ ಕಹಿ ಮಾತುಗಳಿವೆ. ಅದೇ ಲ್ಯಾಬಿನಲ್ಲಿ ವಿದ್ಯಾರ್ಥಿಯಾಗಿದ್ದ, ಮುಂದೆ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್, ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ವಸ್ತುಗಳನ್ನು ಬೇರೆಯವರು ವರ್ಷಗಳ ನಂತರ ಮತ್ತೆ ಕಂಡುಹಿಡಿಯಬೇಕಾಯಿತು, ಫಿಸ್ಕೆಯ ಹೊಟ್ಟೆಕಿಚ್ಚೇ ಅದಕ್ಕೆ ಕಾರಣ ಅಂತ ಹೇಳಿದ್ದಾರೆ. ಹುದ್ದೆ ಸಿಗದ್ದಕ್ಕೂ ಅದೊಂದೇ ಕಾರಣ ಅಂತ ನಾನು ಹೇಳಲಾರೆ. ಯಾವ ದೇಶಕ್ಕೂ ಸೇರದ ಕಾಗದಪತ್ರದ ಮನುಷ್ಯನೊಬ್ಬನ ಪರ ನಿಲ್ಲೋರು ಇರಲಿಲ್ಲ, ಅದೂ ಸೇರಿತ್ತು.

1940ರಲ್ಲಿ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಲ್ಯಾಬೊರೇಟರೀಸ್ ಅನ್ನೋ ಔಷಧಿ ಕಂಪನಿ ಸೇರಿದರು. ವಿಶ್ವವಿದ್ಯಾಲಯ ಕೊಡದ ಜಾಗವನ್ನು ಕಂಪನಿ ಕೊಟ್ಟಿತು, ಸ್ವಲ್ಪ ದಿನದಲ್ಲೇ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ಬಂಡವಾಳಶಾಹಿಯನ್ನು ಬೈಯುತ್ತಾ ಬೆಳೆದ ನಮ್ಮಂಥವರಿಗೆ ಇದು ನುಂಗೋಕೆ ಸ್ವಲ್ಪ ಕಷ್ಟ. ಆದರೆ ನಡೆದಿದ್ದು ಹಾಗೇ. ಬಂಡವಾಳ ತನ್ನ ಇನ್ನೊಂದು ಮುಖ ತೋರಿಸೋ ಜಾಗವೂ ಈ ಕಥೆಯಲ್ಲಿದೆ, ತಾಳಿ.

ಲೆಡರ್ಲಿಯಲ್ಲಿ ಹಿಡಿದ ದೊಡ್ಡ ಕೆಲಸ ಫೋಲಿಕ್ ಆಸಿಡ್. ಅದರ ಬೇರು ನಮ್ಮ ಮುಂಬೈಯಲ್ಲಿದೆ. 1928ರಲ್ಲಿ ಇಂಗ್ಲೆಂಡಿನಿಂದ ಬಂದ ಲೂಸಿ ವಿಲ್ಸ್ ಅನ್ನೋ ವೈದ್ಯೆ, ಬಟ್ಟೆ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿ ಹೆಂಗಸರ ವಿಪರೀತ ರಕ್ತಹೀನತೆಯನ್ನು ಅಭ್ಯಾಸ ಮಾಡುತ್ತಿದ್ದರು. ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್ ಅನ್ನೋ ಅಗ್ಗದ ಪದಾರ್ಥ ತಿನ್ನಿಸಿದರೆ ರಕ್ತ ಮರಳುತ್ತೆ ಅಂತ ಅವರಿಗೆ ಗೊತ್ತಾಯಿತು. ಅದರೊಳಗಿನ ವಸ್ತು ಏನು ಅಂತ ಗೊತ್ತಾಗಲಿಲ್ಲ. ಆ ವಸ್ತುವೇ ಫೋಲಿಕ್ ಆಸಿಡ್. ಅದರ ರಚನೆ ಬಿಡಿಸಿ, ಕೃತಕವಾಗಿ ತಯಾರಿಸಿ 1945ರಲ್ಲಿ ಪ್ರಕಟಿಸಿದ್ದು ಸುಬ್ಬರಾವ್ ನಡೆಸುತ್ತಿದ್ದ ಲೆಡರ್ಲಿ ತಂಡ. ಅದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟು ನೋಡಿದಾಗ ಗುಣ ಕಂಡಿತು. ಸಹೋದರರು ಸತ್ತು ಎರಡು ದಶಕಕ್ಕೂ ಮೇಲಾಗಿತ್ತು.

ಅದೇ ಲ್ಯಾಬಿನಿಂದ ಆನೆಕಾಲು ರೋಗಕ್ಕೆ ಹೆಟ್ರಜಾನ್ ಬಂತು. ಕಲಬುರಗಿ ಕಡೆಯವರು, ಕರಾವಳಿಯವರು ಅದನ್ನು ಡಿಇಸಿ ಮಾತ್ರೆ ಅಂತ ಗುರುತಿಸುತ್ತಾರೆ, ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಬಂದು ನುಂಗಿಸಿ ಹೋಗಿದ್ದಾರೆ. ಟೆಟ್ರಾಸೈಕ್ಲಿನ್ ವರ್ಗದ ಮೊದಲ ಆ್ಯಂಟಿಬಯಾಟಿಕ್ ಆದ ಆರಿಯೋಮೈಸಿನ್ ಕೂಡ ಅವರು ಮುಖ್ಯಸ್ಥರಾಗಿದ್ದಾಗಲೇ ಬಂದದ್ದು, ಅದನ್ನು ಕಂಡುಹಿಡಿದವರು ಬೆಂಜಮಿನ್ ಡಗರ್. ಇವೆಲ್ಲ ಒಂದೊಂದೂ ಬೇರೆ ಲೇಖನ. ನಾನು ಕ್ಯಾನ್ಸರಿಗೆ ಬರುತ್ತೇನೆ.

ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಅನ್ನೋ ಪೆಥಾಲಜಿಸ್ಟ್ ಇದ್ದರು. ರಕ್ತಕ್ಯಾನ್ಸರ್ ಬಂದ ಮಕ್ಕಳಿಗೆ ಆಗ ಔಷಧಿಯೇ ಇರಲಿಲ್ಲ. ಫೋಲಿಕ್ ಆಸಿಡ್ ರಕ್ತ ಹುಟ್ಟಿಸುತ್ತದಲ್ಲ, ರಕ್ತದ ಕ್ಯಾನ್ಸರಿಗೂ ಒಳ್ಳೆಯದು ಮಾಡೀತು ಅನ್ನೋ ಆಸೆಯಲ್ಲಿ ಲೆಡರ್ಲಿಯಿಂದ ಅದರ ರೂಪಾಂತರಗಳನ್ನು ತರಿಸಿ ಕೊಟ್ಟರು. ಆಗಿದ್ದು ಉಲ್ಟಾ. ಮಕ್ಕಳ ಅಸ್ಥಿಮಜ್ಜೆಯಲ್ಲಿ ಕಾಯಿಲೆ ಇನ್ನೂ ಜೋರಾದದ್ದು ಕಾಣಿಸಿತು. ಇದನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತೆ. ಆದರೆ ಅಲ್ಲೂ ಆ ನೀಲಿ ಬಣ್ಣದ ತಡದಂಥದ್ದೇ ಒಂದು ಪಾಠವಿತ್ತು. ಫೋಲಿಕ್ ಆಸಿಡ್ ಕೊಟ್ಟರೆ ಗಡ್ಡೆ ಬೆಳೆಯುತ್ತೆ ಅಂದರೆ, ಅದನ್ನು ತಡೆದರೆ ಗಡ್ಡೆ ಸೊರಗಬೇಕು.

ತಡೆಯೋದು ಹೇಗೆ? ಫೋಲಿಕ್ ಆಸಿಡ್ ಥರಾನೇ ಕಾಣೋ, ಆದರೆ ಕೆಲಸ ಮಾಡದ ನಕಲಿ ಅಣು ಬೇಕು. ನಕಲಿ ಬೀಗದಕೈ ಇದ್ದ ಹಾಗೆ, ಒಳಗೆ ಹೋಗುತ್ತೆ, ತಿರುಗೋದಿಲ್ಲ, ಅಸಲಿ ಕೈಗೂ ಜಾಗ ಬಿಡೋದಿಲ್ಲ. ಲೆಡರ್ಲಿಯ ಡೋರಿಸ್ ಸೀಗರ್ ಮತ್ತು ಸಂಗಡಿಗರು ಅಂಥದ್ದೊಂದನ್ನು ತಯಾರಿಸಿದರು. ಅಮಿನಾಪ್ಟೆರಿನ್. 1948ರ ಜೂನ್ 3ರಂದು ಫಾರ್ಬರ್ ಫಲಿತಾಂಶ ಪ್ರಕಟಿಸಿದರು. 16 ಮಕ್ಕಳಿಗೆ ಕೊಟ್ಟಿದ್ದರು, 10 ಮಕ್ಕಳಲ್ಲಿ ಕಾಯಿಲೆ ಹಿಮ್ಮೆಟ್ಟಿತು. ತಾತ್ಕಾಲಿಕವಾಗಿ, ಕೆಲ ತಿಂಗಳು ಮಾತ್ರ. ಆದರೂ ಅಲ್ಲಿಯವರೆಗೆ ಯಾರೂ ಕಂಡಿರದ ಫಲಿತಾಂಶ. ಅದರ ತಮ್ಮನಂಥ ಔಷಧಿ ಮೆಥೊಟ್ರೆಕ್ಸೇಟ್ ಇವತ್ತಿಗೂ ಬಳಕೆಯಲ್ಲಿದೆ, ಕೀಲುವಾತದವರೂ ವಾರಕ್ಕೊಮ್ಮೆ ನುಂಗುತ್ತಾರೆ.

ಎಲ್ಲರೂ ಆ 10 ಮಕ್ಕಳ ಬಗ್ಗೆ ಬರೀತಾರೆ. ನನ್ನ ತಲೆಯಲ್ಲಿ ಕೂತಿದ್ದು ಉಳಿದ 6 ಮಕ್ಕಳು. ಅದೇ ಕಾಯಿಲೆ, ಅದೇ ಔಷಧಿ. ಅವರಿಗೆ ಯಾಕೆ ಹಿಡಿಯಲಿಲ್ಲ? ಕೊಡುವ ಮೊದಲೇ ಗೊತ್ತಾಗುವಂತಿದ್ದರೆ? ಔಷಧಿ ಕೈಗೆ ಬಂದಿತ್ತು, ಯಾರಿಗೆ ಅನ್ನೋದನ್ನು ಹೇಳೋ ಅಳತೆಗೋಲು ಇರಲಿಲ್ಲ. ಅಳೆಯೋದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡ ಮನುಷ್ಯನಿಗೆ ಆ ಪ್ರಶ್ನೆಯ ಹಿಂದೆ ಬೀಳೋಕೆ ಸಮಯವೂ ಸಿಗಲಿಲ್ಲ. ಆ ಲೇಖನ ಬಂದು ಎರಡು ತಿಂಗಳಾಗಿತ್ತು ಅಷ್ಟೇ, 1948ರ ಆಗಸ್ಟ್ ಎರಡನೇ ವಾರದಲ್ಲಿ ಒಂದು ರಾತ್ರಿ ಮಲಗಿದ ಸುಬ್ಬರಾವ್ ಏಳಲಿಲ್ಲ. ಹೃದಯ ನಿಂತಿತ್ತು. 53 ವರ್ಷ. 1946ರಲ್ಲಿ ಲೂಸ್-ಸೆಲ್ಲರ್ ಕಾಯ್ದೆ ಬಂದು ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದಿತ್ತು, ವರ್ಷಕ್ಕೆ ಸುಮಾರು 100 ಜನರ ವಲಸೆ ಕೋಟಾ ಜೊತೆಗೆ. ಅವರು ಕೊನೆಯವರೆಗೂ ಅಮೆರಿಕಾದ ಪೌರರಾಗಲಿಲ್ಲ. ಭಾರತ ಸ್ವತಂತ್ರವಾದಮೇಲೆ ಒಮ್ಮೆಯೂ ಇಲ್ಲಿಗೆ ಬರಲಿಲ್ಲ.

ವ್ಯಕ್ತಿಯ ಕಥೆ ಇಲ್ಲಿಗೆ ಮುಗೀತು. ದೊಡ್ಡಪ್ಪನ ಮಾತ್ರೆಯ ಕಥೆ ಇನ್ನೂ ಬಾಕಿ ಇದೆ.

ಫೋಲಿಕ್ ಆಸಿಡ್‌ನ ರಚನೆ ಪ್ರಕಟವಾದ ಕಾಲದಲ್ಲಿ ಅಮೆರಿಕಾದಲ್ಲಿ ಎಡ್ವರ್ಡ್ ಟೇಲರ್ ಅನ್ನೋ ರಸಾಯನಶಾಸ್ತ್ರದ ವಿದ್ಯಾರ್ಥಿ ಅದನ್ನು ಓದಿ ಬೆರಗಾದರು. ಆ ಅಣುವಿನ ಒಂದು ತುಂಡು ಚಿಟ್ಟೆಯ ರೆಕ್ಕೆಯ ಬಣ್ಣಗಳಲ್ಲಿ ಸಿಗೋ ರಚನೆಯೇ ಆಗಿತ್ತು. ಆ ಬೆರಗು ಅವರನ್ನು ದಶಕಗಳ ಕಾಲ ಬಿಡಲಿಲ್ಲ. ಪ್ರಿನ್ಸ್‌ಟನ್‌ನಲ್ಲಿ ಪ್ರೊಫೆಸರ್ ಆಗಿ, ಎಲೈ ಲಿಲ್ಲಿ ಕಂಪನಿ ಜೊತೆ ಸೇರಿ ಹೊಸದೊಂದು ನಕಲಿ ಫೋಲಿಕ್ ಆಸಿಡ್ ತಯಾರಿಸಿದರು. ಅದೇ ಪೆಮೆಟ್ರೆಕ್ಸೆಡ್, ಮಾರುಕಟ್ಟೆಯಲ್ಲಿ ಅಲಿಮ್ಟಾ. ಅಮೆರಿಕಾದಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ. ಅಂದರೆ ದೊಡ್ಡಪ್ಪನ ಡ್ರಿಪ್‌ನಲ್ಲಿದ್ದದ್ದು ಅಮಿನಾಪ್ಟೆರಿನ್‌ನ ಮೊಮ್ಮಗ.

ಆದರೆ ಮೊದಮೊದಲು ಪ್ರಯೋಗದಲ್ಲಿ ಭಾರಿ ಎಡವಟ್ಟಾಯಿತು. ಕೆಲವು ರೋಗಿಗಳಿಗೆ ಏನೂ ಆಗುತ್ತಿರಲಿಲ್ಲ, ಇನ್ನು ಕೆಲವರಿಗೆ ಬಿಳಿರಕ್ತಕಣ ಪಾತಾಳಕ್ಕಿಳಿದು, ಭೇದಿ ಹತ್ತಿ, ಸೋಂಕಾಗಿ ಪ್ರಾಣವೇ ಹೋಗುತ್ತಿತ್ತು. ಯಾರಿಗೆ ಹೀಗಾಗುತ್ತೆ ಅಂತ ಮುಂಚೆ ಗೊತ್ತಾಗುತ್ತಿರಲಿಲ್ಲ. ಕಂಪನಿಯೊಳಗೆ ಈ ಗಂಟು ಬಿಡಿಸಿದವರು ಕ್ಲೆಟ್ ನಿಯಿಕಿಝ, ರುವಾಂಡ ಮೂಲದ ಗಣಿತಜ್ಞ. ಚಿಕಿತ್ಸೆಗೆ ಮುಂಚಿನ ರಕ್ತಪರೀಕ್ಷೆಗಳ ಅಂಕಿಅಂಶ ಜಾಲಾಡಿದಾಗ, ಹೋಮೋಸಿಸ್ಟೀನ್ ಜಾಸ್ತಿ ಇದ್ದವರೇ ಹೆಚ್ಚು ನರಳುತ್ತಿದ್ದಾರೆ ಅಂತ ಕಂಡಿತು. ಹೋಮೋಸಿಸ್ಟೀನ್ ಅಂದರೆ ಮೈಯಲ್ಲಿ ಫೋಲಿಕ್ ಆಸಿಡ್, ಬಿ12 ಸಾಲದೇ ಇದ್ದಾಗ ರಕ್ತದಲ್ಲಿ ಶೇಖರವಾಗೋ ವಸ್ತು. ಊಟದಲ್ಲಿ ಸೊಪ್ಪುಸದೆ ಕಮ್ಮಿಯಾಗಿ ಒಳಗೆ ಸೊರಗಿದ್ದವರ ಮೇಲೆ ನಕಲಿ ಫೋಲಿಕ್ ಆಸಿಡ್ ಮುಗಿಬೀಳುತ್ತಿತ್ತು ಅನ್ನಿ. ಇದು ನಿಜವಾದ ಅರ್ಥದಲ್ಲಿ ಬಯೋಮಾರ್ಕರ್. ಕೀಮೋ ಕೊಡುವ ಮೊದಲೇ ಒಂದು ಚಮಚ ರಕ್ತದಲ್ಲಿ ಯಾರಿಗೆ ಅಪಾಯ ಅಂತ ಹೇಳುವಂಥದ್ದು.

ಹಾಗಾದರೆ ಎಲ್ಲರಿಗೂ ಮೊದಲೇ ಒಂಚೂರು ಫೋಲಿಕ್ ಆಸಿಡ್, ಬಿ12 ಕೊಟ್ಟರೆ? ಕ್ಯಾನ್ಸರ್ ವೈದ್ಯರಿಗೆ ಇದು ಹುಚ್ಚುತನ ಅನ್ನಿಸಿತು. ಗಡ್ಡೆಗೆ ಫೋಲಿಕ್ ಆಸಿಡ್ ಕೊಡಬಾರದು ಅನ್ನೋದು ಫಾರ್ಬರ್ ಕಾಲದಿಂದ ಬಂದ ಭಯ. ಆದರೂ ಸಾವುಗಳು ಕಣ್ಣೆದುರಿಗಿದ್ದವು. 1999ರ ಕೊನೆಗೆ, ನಡೆಯುತ್ತಿದ್ದ ಪ್ರಯೋಗವನ್ನೇ ಮಧ್ಯದಲ್ಲಿ ಬದಲಿಸಿ ಎಲ್ಲ ರೋಗಿಗಳಿಗೂ ವಿಟಮಿನ್ ಶುರುಮಾಡಿದರು. ವಿಷದ ಪರಿಣಾಮ ಗಣನೀಯವಾಗಿ ಇಳಿಯಿತು, ಔಷಧಿಯ ಶಕ್ತಿ ಕುಂದಲಿಲ್ಲ. ಸುಬ್ಬರಾವ್ ತಂಡ ತಯಾರಿಸಿದ ವಿಟಮಿನ್ನೂ ಅದೇ ತಂಡದ ನಕಲಿ ಅಣುವಿನ ವಂಶದ ವಿಷವೂ ಒಂದೇ ಮೈಯಲ್ಲಿ, ಒಂದೇ ವಾರದಲ್ಲಿ. ಡಾಕ್ಟರಿಗೆ ಹೇಳಲು ಪುರುಸೊತ್ತಿಲ್ಲದ ದೊಡ್ಡ ಕಥೆ ಇದೇ.

ಬಂಡವಾಳದ ಇನ್ನೊಂದು ಮುಖ ಅಂದೆನಲ್ಲ. ಪೆಮೆಟ್ರೆಕ್ಸೆಡ್ ಕೊಡುವ ಮೊದಲು ಫೋಲಿಕ್ ಆಸಿಡ್, ಬಿ12 ಕೊಡುವ ಈ ಕ್ರಮಕ್ಕೇ ಎಲೈ ಲಿಲ್ಲಿ ಪೇಟೆಂಟ್ ತೆಗೆದುಕೊಂಡಿತು. ಔಷಧಿಗಲ್ಲ, ಕೊಡುವ ಕ್ರಮಕ್ಕೆ! ಜೆನರಿಕ್ ಕಂಪನಿಗಳು ಕೋರ್ಟಿಗೆ ಹೋದವು, 2017ರಲ್ಲಿ ಅಮೆರಿಕಾದ ಮೇಲ್ಮನವಿ ನ್ಯಾಯಾಲಯ ಲಿಲ್ಲಿಯ ಪರ ನಿಂತಿತು. ಅಣುವಿನ ಪೇಟೆಂಟ್ ಮುಗಿದಮೇಲೂ ಅಗ್ಗದ ಔಷಧಿಗೆ ಅಲ್ಲಿನ ರೋಗಿಗಳು 2022ರವರೆಗೆ ಕಾಯಬೇಕಾಯಿತು. ಮುಂಬೈ ಮಿಲ್ಲಿನ ಬಸುರಿಯರಿಂದ ಶುರುವಾದ ಮಾತ್ರೆ ಬೇಲಿಯಾಗಿ ನಿಂತಿದ್ದು ಹೀಗೆ. ನಮ್ಮಲ್ಲಿ ಜೆನರಿಕ್ ಸಿಗುತ್ತೆ, ದೊಡ್ಡಪ್ಪನಿಗೆ ಹಾಕಿದ್ದೂ ಅದೇ.

ಇನ್ನು ಗಡ್ಡೆಯ ಜಾತಿಯ ವಿಷಯ. 2008ರಲ್ಲಿ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಶ್ವಾಸಕೋಶದ ಕ್ಯಾನ್ಸರಿನ 1,725 ರೋಗಿಗಳು. ಎಲ್ಲರಿಗೂ ಸಿಸ್ಪ್ಲಾಟಿನ್, ಜೊತೆಗೆ ಅರ್ಧ ಜನಕ್ಕೆ ಪೆಮೆಟ್ರೆಕ್ಸೆಡ್, ಇನ್ನರ್ಧಕ್ಕೆ ಜೆಮ್ಸಿಟಾಬಿನ್. ಸಾಲಿನ ನಡುವಿನ ರೋಗಿ ಬದುಕಿದ ಅವಧಿ ಎರಡೂ ಕಡೆ 10.3 ತಿಂಗಳು, ಸಮಸಮ. ಇಲ್ಲಿಗೇ ಬಿಟ್ಟಿದ್ದರೆ ಯಾವುದಾದರೂ ಕೊಡಿ ಅಂತ ಆಗುತ್ತಿತ್ತು. ಗಡ್ಡೆಯ ಜಾತಿ ಪ್ರಕಾರ ಬಿಡಿಸಿ ನೋಡಿದಾಗ ಚಿತ್ರವೇ ಬೇರೆ. ಅಡಿನೋಕಾರ್ಸಿನೋಮದವರಿಗೆ ಪೆಮೆಟ್ರೆಕ್ಸೆಡ್‌ನಲ್ಲಿ 12.6 ತಿಂಗಳು, ಇನ್ನೊಂದರಲ್ಲಿ 10.9. ಸ್ಕ್ವಾಮಸ್‌ನವರಿಗೆ ಉಲ್ಟಾ, 9.4 ಮತ್ತು 10.8. ಇಬ್ಬರನ್ನೂ ಒಟ್ಟಿಗೆ ಹಾಕಿ ಸರಾಸರಿ ತೆಗೆದರೆ ಒಬ್ಬನ ಲಾಭ ಇನ್ನೊಬ್ಬನ ನಷ್ಟವನ್ನು ಮುಚ್ಚಿಬಿಡುತ್ತೆ. ಜಾತಿ ಗಣತಿಯ ಚರ್ಚೆಯಲ್ಲಿ ಸರಾಸರಿ ಲೆಕ್ಕ ಹಿಡಿದುಕೊಂಡು ವಾದಿಸುವವರನ್ನು ನೋಡಿದಾಗಲೆಲ್ಲ ನನಗೆ ಈ ಕೋಷ್ಟಕ ನೆನಪಾಗುತ್ತೆ.

ಯಾಕೆ ಹೀಗೆ ಅನ್ನೋದಕ್ಕೆ ಒಂದು ವಿವರಣೆ ಇದೆ. ಪೆಮೆಟ್ರೆಕ್ಸೆಡ್ ಮುಖ್ಯವಾಗಿ ಕಟ್ಟಿಹಾಕೋದು ಥೈಮಿಡಿಲೇಟ್ ಸಿಂಥೇಸ್ ಅನ್ನೋ ಕಿಣ್ವವನ್ನು. ಡಿಎನ್ಎ ಕಟ್ಟೋಕೆ ಅದು ಬೇಕೇ ಬೇಕು. ಸ್ಕ್ವಾಮಸ್ ಗಡ್ಡೆಗಳಲ್ಲಿ ಸಾಮಾನ್ಯವಾಗಿ ಈ ಕಿಣ್ವ ಹೆಚ್ಚು, ಅಷ್ಟನ್ನೂ ಕಟ್ಟಿಹಾಕೋಕೆ ಔಷಧಿ ಸಾಲದು. ಹಾಗಾದರೆ ಪ್ರತಿ ಗಡ್ಡೆಯಲ್ಲಿ ಆ ಕಿಣ್ವವನ್ನೇ ನೇರವಾಗಿ ಅಳೆದುಬಿಡಬಹುದಲ್ಲ? ಪ್ರಯತ್ನಗಳಾದವು. ದಿನನಿತ್ಯ ನಂಬಿ ಬಳಸುವಂಥ ಪರೀಕ್ಷೆಯಾಗಿ ಅದು ನಿಲ್ಲಲಿಲ್ಲ.

ಸಿಸ್ಪ್ಲಾಟಿನ್ ವಿಷಯದಲ್ಲಿ ಆದದ್ದು ಇನ್ನೂ ದೊಡ್ಡ ಪಾಠ. ಸಿಸ್ಪ್ಲಾಟಿನ್ ಡಿಎನ್ಎಯನ್ನು ಕೆಡಿಸುತ್ತೆ, ಇಆರ್‌ಸಿಸಿ1 ಅನ್ನೋ ಪ್ರೋಟೀನು ಅದನ್ನು ರಿಪೇರಿ ಮಾಡುತ್ತೆ. ಗಡ್ಡೆಯಲ್ಲಿ ಈ ಪ್ರೋಟೀನು ಇಲ್ಲದವರಿಗೆ ಕೀಮೋ ಹೆಚ್ಚು ಹಿಡಿಯುತ್ತೆ ಅಂತ 2006ರಲ್ಲಿ ಹೆಸರಾಂತ ಪತ್ರಿಕೆಯಲ್ಲಿ ವರದಿ ಬಂತು. ಎಲ್ಲರೂ ಹಿಗ್ಗಿದರು. 2013ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ವರದಿ. ಮತ್ತೆ ಪರೀಕ್ಷಿಸಿದಾಗ ಫಲಿತಾಂಶ ಕೂಡಿಬರಲಿಲ್ಲ. ಪ್ರೋಟೀನಿಗೆ ಬಣ್ಣ ಹಚ್ಚಲು ಬಳಸಿದ ಆ್ಯಂಟಿಬಾಡಿ ಒಂದು ಬ್ಯಾಚಿನಿಂದ ಇನ್ನೊಂದು ಬ್ಯಾಚಿಗೆ ಬದಲಾದಂತಿತ್ತು. ಸಾಲದ್ದಕ್ಕೆ ಆ ಪ್ರೋಟೀನಿನ ನಾಲ್ಕು ರೂಪಗಳಲ್ಲಿ ರಿಪೇರಿ ಮಾಡೋದು ಒಂದೇ, ಅದನ್ನು ಪ್ರತ್ಯೇಕವಾಗಿ ಗುರುತಿಸೋ ಆ್ಯಂಟಿಬಾಡಿ ಒಂದೂ ಇರಲಿಲ್ಲ. ಅಳತೆಗೋಲೇ ಅಲ್ಲಾಡುತ್ತಿದ್ದರೆ ಮೇಲಿನ ಲೆಕ್ಕವೆಲ್ಲ ಗಾಳಿ. ಗೊತ್ತಿರೋ ದ್ರಾವಣದ ನೀಲಿಯ ಪಕ್ಕ ಗೊತ್ತಿಲ್ಲದ್ದನ್ನು ಇಟ್ಟು ನೋಡಬೇಕು ಅನ್ನೋ 1925ರ ಶಿಸ್ತು ಇಲ್ಲಿ ತಪ್ಪಿಹೋಗಿತ್ತು.

ಇದನ್ನೆಲ್ಲ ಓದಿದಮೇಲೆ ನನಗೆ ಸೋಜಿಗ ಅನ್ನಿಸಿದ್ದು ಬೇರೆ. ಸಾಲ ಮಾಡಿ ಮಾಡಿಸಿದ ಜೀನ್ ಪರೀಕ್ಷೆ ಬೇಕಾಗಿತ್ತು, ಬೇಡ ಅಂತಲ್ಲ. ಆದರೆ ಪೆಮೆಟ್ರೆಕ್ಸೆಡ್ ಕೊಡಬೇಕೋ ಬೇಡವೋ ಅನ್ನೋದನ್ನು ತೀರ್ಮಾನಿಸಿದ್ದು ಮೈಕ್ರೋಸ್ಕೋಪ್ ಕೆಳಗೆ ಸ್ಲೈಡ್ ಇಟ್ಟು ನೋಡಿದ ಒಬ್ಬ ಪೆಥಾಲಜಿಸ್ಟ್, ರಿಪೋರ್ಟಿನಲ್ಲಿ ಬರೆದ ಒಂದು ಪದ. ಇಡೀ ಬಿಲ್ಲಿನಲ್ಲಿ ಅದರದೇ ಕಡಿಮೆ ಖರ್ಚು. ಜಿಲ್ಲಾಸ್ಪತ್ರೆಗಳಿಗೆ ಏನು ಬೇಕು ಅಂತ ನಾವು ಕೇಳುವಾಗ ಸ್ಕ್ಯಾನಿಂಗ್ ಮೆಷಿನ್ ಅಂತೀವಿ, ಪೆಥಾಲಜಿಸ್ಟ್ ಬೇಕು ಅಂತ ಧರಣಿ ಕೂತವರನ್ನು ನಾನು ಇನ್ನೂ ನೋಡಿಲ್ಲ.

ಸುಬ್ಬರಾವ್ ಹೆಸರಿನಲ್ಲಿ 1995ರಲ್ಲಿ ಭಾರತ ಸರ್ಕಾರ ಒಂದು ಅಂಚೆಚೀಟಿ ತಂದಿತು. ಒಂದು ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಅಂತ ಅವರ ಹೆಸರಿಟ್ಟಿದ್ದಾರೆ. ಪೆಮೆಟ್ರೆಕ್ಸೆಡ್‌ನ ರಾಯಧನದ ದುಡ್ಡಿನಲ್ಲಿ ಪ್ರಿನ್ಸ್‌ಟನ್‌ನಲ್ಲಿ ದೊಡ್ಡ ರಸಾಯನಶಾಸ್ತ್ರ ಕಟ್ಟಡವೇ ಎದ್ದಿದೆ.

ನಾಲ್ಕು ಸುತ್ತು ಕೀಮೋ ಆದಮೇಲೆ ದೊಡ್ಡಪ್ಪನ ಗಡ್ಡೆ ಕುಗ್ಗಿದೆ, ಹೋಗಿಲ್ಲ. ಮೂರು ವಾರಕ್ಕೊಮ್ಮೆ ಡ್ರಿಪ್ ಮುಂದುವರೀತಾ ಇದೆ, ಬಿ12 ಇಂಜೆಕ್ಷನ್ ಒಂಬತ್ತು ವಾರಕ್ಕೊಮ್ಮೆ. ಹೋದ ತಿಂಗಳು ಊರಿಗೆ ಹೋದಾಗ ಸುಬ್ಬರಾವ್ ಕಥೆ ಹೇಳಿದೆ. ಬಾಳೆಹಣ್ಣು ಮಾರೋಕೆ ಓಡಿಹೋಗಿದ್ದು ಅವರಿಗೆ ಬಹಳ ಇಷ್ಟವಾಯಿತು, ಎರಡು ಸಲ ಹೇಳಿಸಿಕೊಂಡರು. ಆಮೇಲೆ ಆ ಹೆಂಡತಿಗೆ ಏನಾಯ್ತು ಅಂತ ಕೇಳಿದರು. ನನ್ನ ಹತ್ತಿರ ಹೇಳೋಕೆ ಹೆಚ್ಚೇನೂ ಇರಲಿಲ್ಲ. ದೊಡ್ಡಮ್ಮ ನೀರಿನ ಲೋಟ ತಂದಿಟ್ಟರು, ದೊಡ್ಡಪ್ಪ ಆ ದಿನದ ಮಾತ್ರೆ ನುಂಗಿದರು.